ಟೊಂಕ ಗಟ್ಟಿಯಿದ್ದವನೇ ಅಲೆಯ ಜಟ್ಟಿ

ಮಸಗುಪ್ಪಿಯಂಥ ಘಟಪ್ರಭಾ ದಂಡೆಯ ಊರುಗಳ ಮಂದಿಗೆ ಗರಡಿಮನೆ ಹೊಸದಲ್ಲ. ಡಂಡ ಹೊಡೆದು, ಬೈಠಕ್ ತೆಗೆದು ಮೈ ಹುರಿಗೊಳಿಸದೆ ಯಾವ ಪೈಲ್ವಾನನೂ ಕಣಕ್ಕಿಳಿಯುವುದಿಲ್ಲ. ಕಡಲಲ್ಲಿ ಹಲಗೆ ಏರಿ ಅಲೆಯ ಮೇಲೆ ಸಾಗುವ ಸರ್ಫಿಂಗ್ ಆಟಕ್ಕೂ ಇದೇ ನಿಯಮ.

ಕರ್ನಾಟಕದಲ್ಲಿ ಈ ಆಟದ ತವರು ದಕ್ಷಿಣ ಕನ್ನಡದ ಮೂಲ್ಕಿ. ಅಮೆರಿಕದಿಂದ ಬಂದು ಸನ್ಯಾಸಿಯಾದ ಜಾಕ್ ಹೆಬ್ನರ್ ಹಾಗೂ ಅವರ ಶಿಷ್ಯರು 2004ರಲ್ಲಿ ಇಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಬ್ನರ್ ಹೆಸರಾದರು. 2016ರಲ್ಲಿ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ‘ಇಂಡಿಯನ್ ಓಪನ್’ ಪಂದ್ಯಾವಳಿ ನಡೆಯಿತು. ಟೋಕಿಯೊ ಕೂಟದಿಂದ ಸರ್ಫಿಂಗ್ ಒಲಿಂಪಿಕ್ಸ್‌ನಲ್ಲೂ ಇದೆ.

ನೋಡುವವರಿಗೆ ಕಾಣುವುದು ಅಲೆಯ ಮೇಲೆ ನಿಂತ ಕೆಲವೇ ಕ್ಷಣ. ನೀರಿನಲ್ಲಿ ಕಳೆಯುವ ಸಮಯದಲ್ಲಿ ಹೆಚ್ಚುಕಡಿಮೆ ಅರ್ಧ, ಹಲಗೆಯ ಮೇಲೆ ಬೋರಲು ಮಲಗಿ ಕೈಯಿಂದ ನೀರು ಹಿಂದೂಡುವುದರಲ್ಲೇ ಹೋಗುತ್ತದೆ. ಆಗ ತಲೆ, ಎದೆ ಮೇಲೆತ್ತಿರಬೇಕು. ಬೆನ್ನು ಹಿಂದಕ್ಕೆ ಬಾಗಿರುತ್ತದೆ. ಭುಜ, ಕುತ್ತಿಗೆ, ಟೊಂಕ ನೋಯುವುದು ಇದರಿಂದಲೇ. ಅಲೆ ಸಿಕ್ಕೊಡನೆ ಎರಡೂ ಅಂಗೈ ಒತ್ತಿ, ಕಾಲುಗಳನ್ನು ಹೊಟ್ಟೆಯಡಿಗೆ ಎಳೆದು, ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ನಿಂತ ಮೇಲೆ ಹಲಗೆ ತಿರುಗಿಸಲು ಇಡೀ ಮೈ ತಿರುಚಬೇಕು.

ಇಷ್ಟಕ್ಕೂ ಆಧಾರ ಹೊಟ್ಟೆ, ಪಕ್ಕೆ, ಟೊಂಕ, ಪೃಷ್ಠದ ಸ್ನಾಯುಗಳು. ತರಬೇತುದಾರರು ‘ಕೋರ್’ ಎನ್ನುವುದು ಇದನ್ನೇ. ಬಂಡಿಯ ಅಚ್ಚು ಸಡಿಲಾದರೆ ಗಾಲಿ ಎಷ್ಟು ಗಟ್ಟಿಯಿದ್ದರೇನು? ನಡು ಹಿಡಿತ ತಪ್ಪಿದರೆ ಅದರ ಭಾರವೆಲ್ಲ ಭುಜಕ್ಕೂ ಮಂಡಿಗೂ ಬೀಳುತ್ತದೆ.

ಗರಡಿಯ ಡಂಡ ಭುಜಕ್ಕೆ ಬಲ ಕೊಡುತ್ತದೆ, ಹಲಗೆಯಿಂದ ಏಳುವುದಕ್ಕೂ ನೆರವಾದೀತು. ಆದರೆ ಅದರಲ್ಲೂ ಬೆನ್ನು ಹಿಂದಕ್ಕೇ ಬಾಗುತ್ತದೆ. ಹೀಗಾಗಿ ಬೆನ್ನನ್ನು ಅಲುಗದಂತೆ ಹಿಡಿದಿಡುವ ಕಸರತ್ತೂ ಜೊತೆಗೆ ಬೇಕು. ಕೆನಡಾದ ಬೆನ್ನೆಲುಬು ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಇದಕ್ಕೆಂದೇ ಮೂರು ವ್ಯಾಯಾಮ ಆರಿಸಿದ್ದಾರೆ. ಮೊದಲನೆಯದು, ಅಂಗಾತ ಮಲಗಿ ತಲೆ, ಭುಜ ತುಸುವೇ ಎತ್ತುವುದು. ಎರಡನೆಯದು, ಒಂದು ಮೊಣಕೈ ಊರಿ ಪಕ್ಕಕ್ಕೆ ಮೈ ಎತ್ತಿ ನಿಲ್ಲಿಸುವುದು. ಮೂರನೆಯದಕ್ಕೆ ಅಂಗೈ, ಮಂಡಿ ನೆಲಕ್ಕೂರಿ, ಬಲಗೈ ಮುಂದಕ್ಕೂ ಎಡಗಾಲು ಹಿಂದಕ್ಕೂ ಚಾಚಿ, 10 ಸೆಕೆಂಡಿನವರೆಗೆ ಹಿಡಿದು, ಬದಿ ಬದಲಿಸಬೇಕು. ಟೊಂಕ ಒಂದು ಕಡೆಗೆ ವಾಲಿದರೆ ಅಥವಾ ಉಸಿರು ಕಟ್ಟಿದರೆ ಎಣಿಕೆಗಿಲ್ಲ.

ಇದರ ಜೊತೆ ಎದೆಭಾಗ ಎಡಕ್ಕೂ ಬಲಕ್ಕೂ ಸಲೀಸಾಗಿ ತಿರುಗುವುದನ್ನು ರೂಢಿಸಬೇಕು. ಅದು ಬಿಗಿದಿದ್ದರೆ ತಿರುಚುವ ಹೊರೆ ಟೊಂಕಕ್ಕೆ ಬೀಳುತ್ತದೆ. ಬೈಠಕ್, ಒಂಟಿಗಾಲಿನ ನಿಲುವು ಮಂಡಿಯನ್ನೂ ಹರಡನ್ನೂ ಪಳಗಿಸುತ್ತವೆ.

ಕಸರತ್ತು ಎಲ್ಲ ಗಾಯವನ್ನೂ ತಡೆಯದು. ಹಲಗೆ ಬಡಿದು, ಅದರ ಅಡಿಯ ರೆಕ್ಕೆ ತಾಗಿ ಆಗುವ ಗಾಯಗಳು ಈ ಆಟದಲ್ಲಿ ಸಾಮಾನ್ಯ. ಬೀಳುವಾಗ ತಲೆ ಕೆಳಗಾಗದೆ, ಎರಡೂ ತೋಳುಗಳಿಂದ ತಲೆ ಮುಚ್ಚಿಕೊಳ್ಳುವುದನ್ನು ಮೊದಲೇ ಕಲಿಯಬೇಕು. ಅಪರೂಪದ ಇನ್ನೊಂದು ಅಪಾಯವನ್ನು ವೈದ್ಯರು ಹವಾಯಿಯಲ್ಲಿ ಗುರುತಿಸಿ 2004ರಲ್ಲಿ ವರದಿ ಮಾಡಿದರು. ಹೊಸಬರು ಬೆನ್ನು ಬಾಗಿಸಿ ಬಹಳ ಹೊತ್ತು ಮಲಗಿದಾಗ ಬೆನ್ನುಹುರಿಗೆ ಹಾನಿಯಾಗಿ ಕಾಲಿನ ಸ್ವಾಧೀನವೇ ತಪ್ಪಬಹುದು.

ಆದ್ದರಿಂದ ಹಲಗೆ ಹಿಡಿಯುವ ಆಸೆಯಿದ್ದವರು ಕೆಲವು ವಾರ ಮುಂಚಿನಿಂದಲೇ ಮನೆಯಂಗಳದಲ್ಲಿ ಸಾಧನೆ ಶುರು ಮಾಡಲಿ. ಮೊದಲೇ ಬೆನ್ನುನೋವಿದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಲಿ. ನೀರಿನಲ್ಲಿ ಬೆನ್ನು ಹಠಾತ್ತನೆ ನೊಂದು ಕಾಲು ಜೋಮು ಹಿಡಿದರೆ ತಕ್ಷಣ ದಡ ಸೇರಿ ಆಸ್ಪತ್ರೆಗೆ ಹೋಗಬೇಕು. ‘ಇನ್ನೊಂದೇ ಅಲೆ’ ಎಂಬ ಮಾತು ಆಗ ಬೇಡ.