28 ದಿನಕ್ಕೇ ಮುಗಿಯುವ ತಿಂಗಳು



ತಿಂಗಳಿಗೆ ಎಷ್ಟು ದಿನ ಅಂತ ಕೇಳಿದರೆ ಮೂರನೇ ಕ್ಲಾಸಿನ ಮಕ್ಕಳೂ ಮುಷ್ಟಿಯ ಗೆಣ್ಣು ಎಣಿಸಿ 30, 31 ಅಂತ ಹೇಳುತ್ತಾರೆ. ಫೆಬ್ರವರಿಗೆ ಮಾತ್ರ 28. ಆದರೆ ಮೊಬೈಲಿನ ತಿಂಗಳು ವರ್ಷಪೂರ್ತಿ ಫೆಬ್ರವರಿಯೇ! ಈ ಎರಡು ಮೂರು ದಿನದ ವ್ಯತ್ಯಾಸದಿಂದ ಕೂಲಿಯವರಿಗೂ ಸಣ್ಣ ಅಂಗಡಿಯವರಿಗೂ ಏನಾಗುತ್ತದೆ ಅಂತ ಈ ಸಲದ ಗೋಡೆ ಪತ್ರಿಕೆಗೆ ಬರೆದಿದ್ದೇನೆ. ನಮ್ಮ ನೆಂಟರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆ ಇದ್ದಾರೆ. ದಸರಾ ರಜೆಯಿಂದ ಇಲ್ಲಿಯವರೆಗೆ ಅವರನ್ನು ಕೇಳಿ ಕೇಳಿ ಬರೆದುಕೊಂಡೆ. ಲೆಕ್ಕ ತಪ್ಪಿದ್ದರೆ ಗಣಿತದ ಮೇಷ್ಟ್ರು ತಿದ್ದಬೇಕಾಗಿ ವಿನಂತಿ.

ವಾಪಸ್ ಹೋಗದ ಫೋನು

ನಮ್ಮ ಅತ್ತೆ ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ಅಲ್ಲಿ ಎತ್ತ ನೋಡಿದರೂ ಅಡಿಕೆ ತೋಟ. ಕೊಯ್ಲು ಶುರುವಾದರೆ ಅತ್ತೆ ಅಡಿಕೆ ಸುಲಿಯಲು ಹೋಗುತ್ತಾರೆ. ಎಷ್ಟು ಸುಲಿದರೋ ಅಷ್ಟಕ್ಕೆ ದುಡ್ಡು. ನಾಳೆ ಯಾರ ಮನೆಯಲ್ಲಿ ಸುಲಿಯುವುದು, ಎಷ್ಟು ಜನ ಬೇಕು ಅನ್ನುವುದನ್ನು ಹಿಂದಿನ ರಾತ್ರಿಯೇ ಫೋನಿನಲ್ಲಿ ಹೇಳುತ್ತಾರೆ.

ಅತ್ತೆ ಅಕ್ಟೋಬರ್ 5ಕ್ಕೆ ಕರೆನ್ಸಿ ಹಾಕಿಸಿದ್ದರು. ನವೆಂಬರ್ 4ರ ತನಕ ಇರುತ್ತೆ ಅಂದುಕೊಂಡಿದ್ದರು. ನವೆಂಬರ್ 2ರ ರಾತ್ರಿ ಅವರು ಒಲೆ ಮುಂದೆ ಇದ್ದಾಗ ಫೋನು ಬಂದು ನಿಂತಿತ್ತು. ಕೈ ಒರೆಸಿಕೊಂಡು ವಾಪಸ್ ಮಾಡಿದರೆ ಹೋಗಲೇ ಇಲ್ಲ. ಒಂದನೇ ತಾರೀಖಿಗೇ ಮುಗಿದಿತ್ತು. ಅತ್ತೆ ಬರೋದಿಲ್ಲ ಅಂತ ತಿಳಿದು ಬೇರೆಯವರನ್ನು ಕರೆದುಕೊಂಡರು. ಎರಡು ದಿನದ ಕೂಲಿ ಹೋಯಿತು. "ನಂದೇನು ತಪ್ಪೈತಿ ಹೇಳು? ತಿಂಗಳಿಗೆ ಅಂತ ದುಡ್ಡು ಕೊಟ್ಟೀನಿ, ತಿಂಗಳೇ ಆಗಿಲ್ಲ" ಅಂತ ಅತ್ತೆ ನನ್ನನ್ನೇ ಕೇಳಿದರು.

ನಾನು ಲೆಕ್ಕ ಮಾಡಿದೆ. 365ನ್ನು 28ರಿಂದ ಭಾಗಿಸಿದರೆ 13 ಬರುತ್ತದೆ, ಶೇಷ 1. ಅಂದರೆ ಕ್ಯಾಲೆಂಡರಿನಲ್ಲಿ 12 ತಿಂಗಳು, ಕರೆನ್ಸಿಗೆ 13 ತಿಂಗಳು! ಸಂಬಳ ಆಗಲಿ, ಮನೆ ಬಾಡಿಗೆ ಆಗಲಿ ವರ್ಷಕ್ಕೆ 12 ಸಲ. ಇದೊಂದೇ 13 ಸಲ.

ದೊಡ್ಡಪ್ಪನ ಬೂತು

ಹಿಂದೆ ಹೇಗಿತ್ತು ಅಂತ ತಿಳಿಯಲು ಹೊನ್ನಾಳಿಯ ದೊಡ್ಡಪ್ಪನನ್ನು ಕೇಳಿದೆ. ಅವರು ಮೊದಲು ಎಸ್.ಟಿ.ಡಿ. ಬೂತ್ ಇಟ್ಟಿದ್ದರು. ಆಗ ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿತ್ತಂತೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಯಿತು. ಗಾಜಿನ ಗೂಡಿನೊಳಗೆ ನಿಂತು ಜನ ಮಾತಾಡುವಾಗ ಮೇಲೆ ಕೆಂಪು ಅಂಕಿ ಓಡುತ್ತಿತ್ತಂತೆ. ಅಂಕಿ ನೋಡಿ ನೋಡಿ ಜನ ಮಾತು ನುಂಗುತ್ತಿದ್ದರಂತೆ.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಆಗಿದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರ ಜೊತೆ ಮಾತಾಡಿದರು. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ಬೀಳುತ್ತಿತ್ತು. ನಾವು ಮಾಡಿದ ಕರೆಗೆ ಮಾತ್ರ ಅಲ್ಲ, ನಮಗೆ ಬಂದ ಕರೆಗೂ ದುಡ್ಡು!

ಇಷ್ಟು ದುಬಾರಿ ಯಾಕೆ? ಸಮಾಜದ ಮೇಷ್ಟ್ರು ಹೀಗೆ ಬಿಡಿಸಿ ಹೇಳಿದರು. ಹೊಲವನ್ನು ಗುತ್ತಿಗೆಗೆ ಹಿಡಿದರೆ ಬೆಳೆ ಬರಲಿ ಬಿಡಲಿ ಹೇಳಿದಷ್ಟು ದುಡ್ಡು ಕೊಡಲೇಬೇಕು. ಪಾಲಿಗೆ ಮಾಡಿದರೆ ಬಂದದ್ದರಲ್ಲಿ ಒಂದು ಭಾಗ ಕೊಟ್ಟರೆ ಸಾಕು. ಮೊದಲು ಕಂಪನಿಗಳು ಸರ್ಕಾರಕ್ಕೆ ಗುತ್ತಿಗೆ ಥರ ದೊಡ್ಡ ಮೊತ್ತ ಕಟ್ಟಬೇಕಿತ್ತು. ಆ ಭಾರ ನಿಮಿಷದ ದರದ ಮೇಲೂ ಬೀಳುತ್ತಿತ್ತು. 1999ರ ಹೊಸ ದೂರಸಂಪರ್ಕ ನೀತಿಯಲ್ಲಿ ಅದನ್ನು ಪಾಲಿಗೆ ಬದಲಾಯಿಸಿದರು. ದರ ಇಳಿಯುತ್ತಾ ಬಂತು. 2003ರ ಮೇ 1ರಿಂದ ಬರುವ ಕರೆ ಪುಕ್ಕಟೆ ಆಯಿತು. ದೆಹಲಿಯಲ್ಲಿ ಬರೆದ ಒಂದು ಕಾಗದ ನಮ್ಮೂರಿನ ಜೇಬಿನ ತನಕ ಬರುತ್ತದೆ ಅನ್ನುವುದಕ್ಕೆ ಇದೇ ಉದಾಹರಣೆ.

"ಅಗ್ಗ ಆಗಿದ್ದು ಊರಿಗೆಲ್ಲ ಒಳ್ಳೇದಾತು, ನನ್ನ ಬೂತಿಗೆ ಮಾತ್ರ ಬೀಗ ಬಿತ್ತು" ಅಂತ ದೊಡ್ಡಪ್ಪ ನಕ್ಕರು. ಆಮೇಲೆ ಅದೇ ಅಂಗಡಿಯಲ್ಲಿ ಕರೆನ್ಸಿ ಮಾರಿದರು. ಆಗ ಕೂಲಿಯವರು ಸಂಜೆ ಬಂದು 10 ರೂಪಾಯಿ ಹಾಕಿಸಿದರೂ ನಡೆಯುತ್ತಿತ್ತು. ಕೈಯಲ್ಲಿ ಎಷ್ಟಿದೆಯೋ ಅಷ್ಟು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ನೆಟ್ಟು ಬಹಳ ಅಗ್ಗವಾಯಿತು. ಆದರೆ 2019, 2021, 2024ರಲ್ಲಿ ದೊಡ್ಡ ಕಂಪನಿಗಳೆಲ್ಲ ದರ ಏರಿಸಿದವು. ಉದಾಹರಣೆಗೆ ಏರ್‌ಟೆಲ್‌ನ 28 ದಿನದ ಒಂದು ಪ್ಲಾನು 149 ರೂಪಾಯಿ ಇದ್ದದ್ದು 2021ರ ನವೆಂಬರಿನಲ್ಲಿ 179 ಆಯಿತು, 2024ರ ಜುಲೈನಲ್ಲಿ 199 ಆಯಿತು. ದರ ಇಷ್ಟೇ ಇರಬೇಕು ಅಂತ ಸರ್ಕಾರ ಕಟ್ಟು ಮಾಡುವುದಿಲ್ಲ. ಕಂಪನಿಗಳೇ ದರ ಇಟ್ಟು, ಟ್ರಾಯ್ ಅನ್ನುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ತಿಳಿಸುತ್ತವೆ. ಟ್ರಾಯ್ 1997ರಲ್ಲಿ ಶುರುವಾಯಿತು.

ಟೀ ಕುಡಿದವರಿಗೆ ಊಟದ ಬಿಲ್ಲು

ಟ್ರಾಯ್ ಏನೂ ಮಾಡಿಲ್ಲ ಅಂತ ಹೇಳಬಾರದು. 28 ದಿನದ ಬಗ್ಗೆ ಜನ ದೂರು ಕೊಟ್ಟಿದ್ದಕ್ಕೆ, 30 ದಿನದ ಒಂದು ಪ್ಲಾನೂ ಪ್ರತಿ ತಿಂಗಳು ಅದೇ ತಾರೀಖಿಗೆ ಹಾಕಿಸುವ ಒಂದು ಪ್ಲಾನೂ ಇಡಲೇಬೇಕು ಅಂತ 2022ರ ಜನವರಿಯಲ್ಲಿ ಆದೇಶ ಮಾಡಿತು. ಆದರೆ ನಮ್ಮ ಅತ್ತೆಗೆ ಅದು ಗೊತ್ತೇ ಇರಲಿಲ್ಲ.

ಇನ್ನೊಂದು ವಿಷಯ. ಅತ್ತೆಯದು ಗುಂಡಿ ಒತ್ತುವ ಫೋನು. ಅದರಲ್ಲಿ ನೆಟ್ಟೇ ಇಲ್ಲ. ಆದರೂ ಹಾಕಿಸುವ ಕರೆನ್ಸಿಯಲ್ಲಿ ನೆಟ್ಟಿನ ದುಡ್ಡೂ ಸೇರಿರುತ್ತಿತ್ತು. ಬರೀ ಟೀ ಕುಡಿಯಲು ಹೋದವರಿಗೆ ಊಟದ ಬಿಲ್ಲೂ ಹಾಕಿದ ಹಾಗೆ! ಇದಕ್ಕೆ 2024ರ ಡಿಸೆಂಬರ್ 23ರಂದು ಟ್ರಾಯ್ ಇನ್ನೊಂದು ನಿಯಮ ತಂದಿತು. ನೆಟ್ಟಿಲ್ಲದೆ ಮಾತು ಮತ್ತು ಮೆಸೇಜಿಗೆ ಮಾತ್ರ ಇರುವ ಪ್ಲಾನು ಕೊಡಬೇಕು, ಅದರ ಅವಧಿ 365 ದಿನದವರೆಗೂ ಇರಬಹುದು ಅಂತ ಹೇಳಿತು. 2025ರ ಜನವರಿಯಲ್ಲಿ ಅಂಥ ಪ್ಲಾನುಗಳು ಬಂದವು. ಏರ್‌ಟೆಲ್‌ನದು 365 ದಿನಕ್ಕೆ 1849 ರೂಪಾಯಿ ಇತ್ತು.

ಈಗ ಲೆಕ್ಕ ನೋಡಿರಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದನ್ನೇ ಅಳತೆಗೋಲು ಮಾಡಿಕೊಂಡೆ.

28 ದಿನದ್ದು: 199 × 13 = 2587 ರೂಪಾಯಿ. ಸುಮಾರು 7 ದಿನದ ಕೂಲಿ.
ವರ್ಷದ್ದು: 1849 ರೂಪಾಯಿ. ಸುಮಾರು 5 ದಿನದ ಕೂಲಿ.
ವ್ಯತ್ಯಾಸ: 738 ರೂಪಾಯಿ. ಸುಮಾರು 2 ದಿನದ ಕೂಲಿ.

ಒಂದೇ ಸಲ 1849 ರೂಪಾಯಿ ಕೈಯಲ್ಲಿ ಇದ್ದವರು 5 ದಿನ ದುಡಿದರೆ ಸಾಕು. ಇಲ್ಲದವರು 7 ದಿನ ದುಡಿಯಬೇಕು. ಮಾತಾಡುವುದು ಇಬ್ಬರೂ ಅಷ್ಟೇ. ಹೆಚ್ಚು ಕೊಡುವವರು ಯಾರು? ದುಡ್ಡು ಕಡಿಮೆ ಇರುವವರು! ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಅಗ್ಗದ ವಸ್ತು ಅಂಗಡಿಯಲ್ಲಿ ಇದ್ದರೆ ಸಾಲದು, ಅದನ್ನು ಕೊಳ್ಳುವಷ್ಟು ಗಂಟು ಒಂದೇ ಸಲ ಕೈಯಲ್ಲಿರಬೇಕು.

ಇದರ ಮೇಲೆ ತೆರಿಗೆ ಬೇರೆ. ಕರೆನ್ಸಿಗೆ ಶೇಕಡ 18 ಜಿ.ಎಸ್.ಟಿ. ಇದೆ. 199 ರೂಪಾಯಿಯಲ್ಲಿ ಸುಮಾರು 30 ರೂಪಾಯಿ ತೆರಿಗೆಯೇ. ಕೂಲಿಯವರು ತೆರಿಗೆ ಕಟ್ಟಲ್ಲ ಅಂತ ಇನ್ನು ಮುಂದೆ ಯಾರೂ ಹೇಳಬೇಡಿರಿ.

ಮಾವನ ಟೀ ಅಂಗಡಿ

ಮಾತಿನ ಪ್ಲಾನು ಎಲ್ಲರಿಗೂ ಆಗುವುದಿಲ್ಲ. ನ್ಯಾಮತಿಯಲ್ಲಿ ನಮ್ಮ ಸೋದರಮಾವ ಟೀ ಅಂಗಡಿ ಇಟ್ಟಿದ್ದಾರೆ. ಗಿರಾಕಿಗಳು ಸ್ಕ್ಯಾನರ್‌ಗೆ ದುಡ್ಡು ಹಾಕುತ್ತಾರೆ. ಬಂದಿತೋ ಇಲ್ಲವೋ ನೋಡಲು, ಹಾಲಿನವರಿಗೆ ಕಳಿಸಲು ಮಾವನಿಗೆ ನೆಟ್ಟು ಬೇಕೇ ಬೇಕು. ಸೌದೆ, ಸಕ್ಕರೆ, ಗ್ಯಾಸಿನ ಹಾಗೆ ಕರೆನ್ಸಿಯೂ ಅಂಗಡಿ ಖರ್ಚೇ. ಫೋನು ಕೆಟ್ಟರೆ ಹೊಸದು ಕೊಳ್ಳಬೇಕು. 2017ರಲ್ಲಿ ಮೊಬೈಲ್ ಫೋನಿಗೆ ಶೇಕಡ 12 ಜಿ.ಎಸ್.ಟಿ. ಇತ್ತು. 2020ರ ಏಪ್ರಿಲ್ 1ರಿಂದ 18 ಆಯಿತು. 10,000 ರೂಪಾಯಿ ಮೂಲ ಬೆಲೆಯ ಫೋನಿಗೆ 600 ರೂಪಾಯಿ ಜಾಸ್ತಿ. ಎಷ್ಟು ಟೀ ಮಾರಿದರೆ 600 ರೂಪಾಯಿ ಉಳಿಯುತ್ತದೆ, ನೀವೇ ಯೋಚಿಸಿರಿ.

2020ರಿಂದ ಸ್ಕ್ಯಾನರ್‌ಗೆ ಬಂದ ದುಡ್ಡಿಗೆ ಅಂಗಡಿಯವರಿಂದ ಬ್ಯಾಂಕು ಕಮಿಷನ್ ಹಿಡಿಯಬಾರದು ಅಂತ ಸರ್ಕಾರ ಮಾಡಿದ್ದರಿಂದ ಸಣ್ಣವರೂ ಸ್ಕ್ಯಾನರ್ ಇಟ್ಟರು. ಆದರೆ 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸ್ಕ್ಯಾನರ್ ಲೆಕ್ಕ ನೋಡಿ ಎಷ್ಟೋ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಸಾಮಾನು ಮಾರುವವರು ವರ್ಷಕ್ಕೆ 40 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕು. ಅದು ದಿನಕ್ಕೆ ಸುಮಾರು 11 ಸಾವಿರ. ಇದು ಲಾಭ ಅಲ್ಲ, ಒಟ್ಟು ವ್ಯಾಪಾರ. ಬೆಂಗಳೂರಿನಲ್ಲಿ ಬೇಕರಿ, ಟೀ ಅಂಗಡಿಯವರು ಹೆದರಿ "ನಗದು ಮಾತ್ರ" ಅಂತ ಬೋರ್ಡು ಹಾಕಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲು ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂತ ಹೇಳಿದರು.

ಮಾವನ ವ್ಯಾಪಾರ ಅಷ್ಟೆಲ್ಲ ಇಲ್ಲ. ಆದರೂ ಸುದ್ದಿ ಕೇಳಿ ಸ್ಕ್ಯಾನರ್ ತಿರುಗಿಸಿ ಇಟ್ಟರು. ಎರಡೇ ದಿನಕ್ಕೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋದರು, ಮಾವ ಮತ್ತೆ ನೆಟ್ಟಗೆ ಇಟ್ಟರು! ನಿಯಮ ತಿಳಿಯದಿದ್ದರೆ ಇಲ್ಲದ ಭಯವೂ ನಷ್ಟ ಮಾಡುತ್ತದೆ.

ಚಿಕ್ಕಮ್ಮನ ಹಾಜರಿ

ಜಗಳೂರು ಮಳೆ ಕಡಿಮೆ ಇರುವ ತಾಲ್ಲೂಕು. ಅಲ್ಲಿ ನಮ್ಮ ಚಿಕ್ಕಮ್ಮ ಉದ್ಯೋಗ ಖಾತರಿ ಕೆಲಸದಲ್ಲಿ ಕಾಯಕ ಬಂಧು ಆಗಿದ್ದರು. 2023ರ ಜನವರಿ 1ರಿಂದ ಕೂಲಿಕಾರರ ಹಾಜರಿಯನ್ನು ಮೊಬೈಲ್ ಆ್ಯಪಿನಲ್ಲೇ ಹಾಕಬೇಕು, ದಿನಕ್ಕೆ ಎರಡು ಸಲ ಫೋಟೋ ತೆಗೆಯಬೇಕು ಅಂತ ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ಸುಳ್ಳು ಹಾಜರಿ ತಡೆಯಲು ಇದು ಒಳ್ಳೆಯದೇ. ಆದರೆ ಚಿಕ್ಕಮ್ಮ ಹೇಳಿದ್ದು ಕೇಳಿರಿ. "ಫೋನು ನಂದೇ, ಕರೆನ್ಸಿನೂ ನಂದೇ. ನನ್ನ ಫೋನು ಸತ್ರೆ ಎಲ್ಲಾರ ಹಾಜರಿನೂ ಸತ್ತಂಗೆ." ಒಬ್ಬರ ಕರೆನ್ಸಿ ಮುಗಿದರೆ ಕೆರೆ ಏರಿಯ ಮೇಲಿರುವ ಎಲ್ಲರ ಕೂಲಿಗೆ ಕುತ್ತು.

ಅಂದರೆ ಮೊಬೈಲು ಈಗ ಗುದ್ದಲಿ, ಬುಟ್ಟಿಯ ಹಾಗೆ ಕೆಲಸದ ಸಾಮಾನು. ಗುದ್ದಲಿ ಒಂದು ಸಲ ಕೊಂಡರೆ ಆಯಿತು. ಇದಕ್ಕೆ 28 ದಿನಕ್ಕೊಮ್ಮೆ ಕೊಡುತ್ತಲೇ ಇರಬೇಕು.

ಹನಿ ಹನಿ ಕೂಡಿದರೆ ಹಳ್ಳ

ನನಗೊಂದು ಉಪಾಯ ಹೊಳೆಯಿತು. ಅತ್ತೆಯ ಮಹಿಳಾ ಸಂಘದಲ್ಲಿ 12 ಜನ ಇದ್ದಾರೆ. ತಿಂಗಳಿಗೆ ಒಬ್ಬೊಬ್ಬರು 155 ರೂಪಾಯಿ ಹಾಕಿದರೆ 1860 ಆಗುತ್ತದೆ. ಚೀಟಿ ಎತ್ತಿ, ಬಂದವರ ಫೋನಿಗೆ ವರ್ಷದ ಕರೆನ್ಸಿ ಹಾಕಿಸಬಹುದು. ಇನ್ನೂ 11 ರೂಪಾಯಿ ಉಳಿಯುತ್ತದೆ!

ಫೋನಿನಲ್ಲಿ ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊನೇ ಚೀಟಿ ಬರೋಳು ಅಲ್ಲೀ ತನಕ ಎರಡೂ ಕಟ್ಟಬೇಕಲ್ಲೋ?" ಅಂದರು. ಅದು ನಿಜ. ಮೊದಲ ವರ್ಷ ಕೊನೆಯವರಿಗೆ ಕಷ್ಟ. ಇದಕ್ಕೆ ಉತ್ತರ ನನಗಿನ್ನೂ ಸಿಕ್ಕಿಲ್ಲ. ಸಂಘದ ಉಳಿತಾಯದಿಂದ ಮೊದಲು ಸಾಲ ಕೊಡಬಹುದೇ ಅಂತ ಮುಂದಿನ ಸಭೆಯಲ್ಲಿ ಕೇಳುತ್ತೇನೆ ಅಂತ ಅತ್ತೆ ಹೇಳಿದ್ದಾರೆ. ನಿಮಗೆ ಬೇರೆ ಉಪಾಯ ಹೊಳೆದರೆ ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ.

ಅಲ್ಲಿಯವರೆಗೆ ನಾವು ಮಕ್ಕಳು ಮನೆಯಲ್ಲಿ ಮೂರು ಕೆಲಸ ಮಾಡಬಹುದು.

1. ಕರೆನ್ಸಿ ಹಾಕಿಸಿದ ದಿನವೇ, ಮುಗಿಯುವ ತಾರೀಖನ್ನು ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು.
2. ಬೆಲೆಯನ್ನು ದಿನಗಳಿಂದ ಭಾಗಿಸಿ ದಿನಕ್ಕೆ ಎಷ್ಟು ಬಿತ್ತು ಅಂತ ಅಪ್ಪ ಅಮ್ಮನಿಗೆ ಹೇಳುವುದು. ಬೆಲೆ ಬದಲಾಗುತ್ತಿರುತ್ತದೆ, ಆದ್ದರಿಂದ ಪ್ರತಿ ಸಲವೂ ಕೇಳಬೇಕು.
3. ಗುಂಡಿ ಫೋನು ಇದ್ದವರಿಗೆ "ನೆಟ್ಟಿಲ್ಲದ್ದು ಕೊಡಿ ಅಂತ ಕೇಳಿರಿ" ಅಂತ ತಿಳಿಸುವುದು.

ನಾನು ಅತ್ತೆ ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿ ಬಂದಿದ್ದೇನೆ. ಭಾಗಾಕಾರ ಕಲಿತಿದ್ದು ಪರೀಕ್ಷೆಗೆ ಮಾತ್ರ ಅಂತ ತಿಳಿದಿದ್ದೆ. ಅತ್ತೆಯ ಎರಡು ದಿನದ ಕೂಲಿ ಉಳಿಸಲೂ ಬರುತ್ತದೆ ಅಂತ ಈಗ ಗೊತ್ತಾಯಿತು.

– ಏಳನೇ ತರಗತಿ