ಕೊನ್ಸೊ ಬೆಟ್ಟದ ಕಲ್ಲೊಡ್ಡುಗಳು

ಇಥಿಯೋಪಿಯಾ ದೇಶದ ದಕ್ಷಿಣದಲ್ಲಿ ಕೊನ್ಸೊ ಎಂಬ ಬೆಟ್ಟದ ಸೀಮೆಯುಂಟು. ಅಲ್ಲಿ ಮಳೆಯು ಅನಿಶ್ಚಿತ. ಬಂದಾಗ ರಭಸದಿಂದ ಸುರಿದು ಇಳಿಜಾರಿನ ಮಣ್ಣನ್ನು ಕೊಚ್ಚಿಕೊಂಡು ಹೋಗುವುದು. ಇದನ್ನು ತಡೆಯಲು ಗ್ರಾಮಸ್ಥರು 400 ವರ್ಷಗಳಿಂದಲೂ ಗಾರೆಯಿಲ್ಲದೆ ಕಲ್ಲು ಪೇರಿಸಿ, ಕೆಲವೆಡೆ 5 ಮೀಟರು ಎತ್ತರದವರೆಗೆ ಒಡ್ಡು ಕಟ್ಟಿ, ಮೆಟ್ಟಿಲುಮೆಟ್ಟಿಲಾಗಿ ಹೊಲಗಳನ್ನು ಮಾಡಿಕೊಂಡಿರುವರು. 2011ರಲ್ಲಿ ಈ ಸೀಮೆಯು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಮುಖ್ಯ ಬೆಳೆ ಜೋಳ. ನಡುವೆ ನುಗ್ಗೆಯ ಕುಲದ ಮರವನ್ನು ಬೆಳೆಸಿ, ಅದರ ಸೊಪ್ಪನ್ನು ಉಣ್ಣುವರು. ದನಗಳನ್ನು ಕೊಟ್ಟಿಗೆಯಲ್ಲಿ ಸಾಕಿ, ಗೊಬ್ಬರವನ್ನು ಹೊಲಕ್ಕೆ ಹೊರುವರು.

ಒಂದೆಡೆ ಕಲ್ಲು ಜಾರಿದರೆ ನೀರು ಆ ಕಂಡಿಯಲ್ಲಿ ನುಗ್ಗಿ ಕೆಳಗಿನವನ ಹೊಲವನ್ನೂ ಕೆಡಿಸುವುದು. ಆದುದರಿಂದ ದುರಸ್ತಿಯನ್ನು ಊರವರು ಕೂಡಿ ಮಾಡುವರು. ಇಳಿಜಾರು ಜಮೀನುಳ್ಳ ಗ್ರಾಮಗಳ ಮುಖಂಡರು ಮುಂಗಾರಿಗೆ ಮುಂಚೆಯೇ ಒಡ್ಡುಗಳನ್ನು ಪರೀಕ್ಷಿಸಿ, ಕಂಡಿಗಳನ್ನು ಮುಚ್ಚಿಸುವುದು ಉಚಿತ.