ವಸಡಿನಲ್ಲಿ ರಕ್ತ ಕಂಡಾಗ

ಹಿಂಗಣಾ ರಸ್ತೆಯ ಡಿಗ್ಡೋಹದಲ್ಲೊಂದು, ವಾನಾಡೋಂಗರಿಯಲ್ಲೊಂದು ದಂತವೈದ್ಯ ಕಾಲೇಜಿದೆ. ಆದರೂ ವಸಡಿನಲ್ಲಿ ರಕ್ತ ಕಂಡೊಡನೆ ನಮ್ಮಲ್ಲಿ ಅನೇಕರು ವೈದ್ಯರಲ್ಲಿಗೆ ಹೋಗುವ ಬದಲು ಹಲ್ಲುಜ್ಜುವುದನ್ನೇ ಬಿಡುತ್ತೇವೆ! ಹಲ್ಲಿನ ಬುಡದ ಪಾಚಿಯಲ್ಲಿ ಪಾರ್ಫಿರೊಮೊನಾಸ್ ಜಿಂಜಿವ್ಯಾಲಿಸ್ ಮೊದಲಾದ ರೋಗಾಣುಗಳು ಬೆಳೆಯುತ್ತವೆ. ಅವುಗಳೊಡನೆ ದೇಹವು ಹೂಡುವ ಹೋರಾಟವೇ ಉರಿಯೂತ. ಹಲ್ಲನ್ನು ಹಿಡಿದಿರುವ ಎಲುಬನ್ನು ಸವೆಸುವುದೂ ಅದೇ. ಆಗ ವಸಡಿನ ಸಂದಿನ ದ್ರವದಲ್ಲಿ ಇಂಟರ್‌ಲ್ಯೂಕಿನ್-1 ಎಂಬ ಗುರುತು ಹೆಚ್ಚುತ್ತದೆ. ಸಂದಿನ ಆಳ 3 ಮಿಲಿಮೀಟರ್ ಮೀರಿದರೆ ಎಚ್ಚರ ಬೇಕು. ಬಹುಮಟ್ಟಿಗೆ ಶಸ್ತ್ರಕ್ರಿಯೆ ಬೇಕಾಗದು. ವಸಡಿನಡಿಯ ಕಿಟ್ಟವನ್ನು ಬೇರಿನವರೆಗೆ ಕೆರೆದು ತೆಗೆದರೆ ಊತ ಇಳಿದು ವಸಡು ಬಿಗಿಯಾಗುತ್ತದೆ. ಕೆರೆಸಿದರೆ ಹಲ್ಲು ಸಡಿಲವಾಗುವುದೆಂಬ ಅಂಜಿಕೆ ಸಲ್ಲದು. ಸಡಿಲ ಮೊದಲೇ ಇತ್ತು, ಕಿಟ್ಟ ಮರೆಮಾಡಿತ್ತು. ಮಧುಮೇಹವುಳ್ಳ ಹಿರಿಯರಲ್ಲಿ ಈ ರೋಗ ಬೇಗ ಬಲಿಯುತ್ತದೆ. ಅವರನ್ನು ಮೊದಲು ಕರೆದೊಯ್ಯೋಣ.